ಚಳಿಗಾಲದಲ್ಲಿ ಸಾಫ್ಟ್ ಟಾಪ್ ಕಾರಿನ ಆರೈಕೆ: ಪುಣೆಯ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ದೀಪಾವಳಿಯ ಹೊತ್ತಿಗೆ ಪುಣೆಯಲ್ಲಿ ಚಳಿ ಕಾಲಿಡುತ್ತದೆ. ಸಾಫ್ಟ್ ಟಾಪ್ (ಮಡಚಬಹುದಾದ ಬಟ್ಟೆ ಅಥವಾ ರೆಕ್ಸಿನ್ ಛಾವಣಿ) ಇರುವ ಥಾರ್, ಹಳೆಯ ಜಿಪ್ಸಿ ಅಥವಾ ಗುಂಡಿ ಒತ್ತಿದರೆ ತೆರೆದುಕೊಳ್ಳುವ ಕನ್ವರ್ಟಿಬಲ್ ಕಾರು ಇಟ್ಟುಕೊಂಡಿರುವ ಇಲ್ಲಿನ ಕನ್ನಡಿಗರು ಆ ದಿನಗಳಲ್ಲಿ ಕೇಳುವ ಪ್ರಶ್ನೆಗಳನ್ನು ಉತ್ತರಸಹಿತ ಇಲ್ಲಿ ಕೊಡಲಾಗಿದೆ. ಮುಂಬಯಿ ಮತ್ತು ಗೋವೆಯ ಹವೆಯೇ ಬೇರೆಯಾದ್ದರಿಂದ ಆ ಊರುಗಳವರಿಗೆ ಕೊನೆಯ ಭಾಗದಲ್ಲಿ ಬೇರೆ ಉತ್ತರವಿದೆ. ಇಲ್ಲಿನ ಯಾವುದೇ ಸಲಹೆ ನಿಮ್ಮ ಕಾರಿನ ಕೈಪಿಡಿಗೆ ಹೊಂದದಿದ್ದರೆ ಕೈಪಿಡಿಯ ಮಾತನ್ನೇ ನಡೆಸಬೇಕು.

ಪ್ರಶ್ನೆ: ಪುಣೆಯಲ್ಲಿ ಹಿಮವೇನೂ ಬೀಳುವುದಿಲ್ಲ. ಹಾಗಿರುವಾಗ ಚಳಿಗಾಲಕ್ಕೆಂದು ಛಾವಣಿಗೆ ಪ್ರತ್ಯೇಕ ಆರೈಕೆ ಏಕೆ ಬೇಕು?

ಡಿಸೆಂಬರ್ ಮತ್ತು ಜನವರಿಯಲ್ಲಿ ಪುಣೆಯ ಬೆಳಗಿನ ಜಾವದ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಇಳಿಯುವುದು ಪ್ರತಿವರ್ಷದ ಮಾತು. 2018ರ ಡಿಸೆಂಬರ್ ಕೊನೆಯಲ್ಲಿ ಅದು 6 ಡಿಗ್ರಿಗಿಂತ ಕೆಳಗೆ ಹೋಗಿತ್ತು. 1935ರ ಜನವರಿಯಲ್ಲಿ 1.7 ಡಿಗ್ರಿ ದಾಖಲಾಗಿತ್ತು. ಪುಣೆಯ ಅಂಚಿನ ಪಾಷಾಣ್ ಬಡಾವಣೆಯಂತಹ ಕಡೆಗಳಲ್ಲಿ, ಊರಾಚೆಯ ಬಯಲಿನಲ್ಲಿ, ಊರ ನಡುವಿನ ಶಿವಾಜಿನಗರಕ್ಕಿಂತ ಒಂದೆರಡು ಡಿಗ್ರಿ ಹೆಚ್ಚೇ ಚಳಿ ಇರುತ್ತದೆ. ಆದರೆ ಅದೇ ದಿನ ಮಧ್ಯಾಹ್ನ 28 ಅಥವಾ 30 ಡಿಗ್ರಿಗೆ ಏರುವುದೇ ಇಲ್ಲಿನ ಹವೆಯ ವಿಶೇಷ. ಹೀಗೆ ದಿನಕ್ಕೊಮ್ಮೆ ಹಿಗ್ಗಿ, ರಾತ್ರಿ ಕುಗ್ಗಿ, ಬೆಳಗಾಗುವಷ್ಟರಲ್ಲಿ ಇಬ್ಬನಿಯಿಂದ ತೊಯ್ದು, ಮೇಲೆ ಧೂಳು ಕುಳಿತು, ಮತ್ತೆ ಬಿಸಿಲಿಗೆ ಒಣಗುವ ಈ ಸರದಿ ನಾಲ್ಕು ತಿಂಗಳು ನಡೆಯುತ್ತದೆ.

ಚಳಿಯೊಂದೇ ಛಾವಣಿಯನ್ನು ಕೆಡಿಸುವುದಿಲ್ಲ ಎಂಬುದನ್ನು ಮೊದಲು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಕೆಡಿಸುವುದು ನಾವು ಮಾಡುವ ಎರಡು ಕೆಲಸಗಳು: ತೇವವಿರುವಾಗ ಮಡಚುವುದು ಮತ್ತು ಬಿರುಸಾಗಿರುವಾಗ ಬಗ್ಗಿಸುವುದು. ಇವೆರಡನ್ನೂ ತಪ್ಪಿಸಲು ದುಬಾರಿ ಸಾಮಾನು ಬೇಕಿಲ್ಲ. ಮಧ್ಯಾಹ್ನದವರೆಗೆ ಕಾಯುವ ತಾಳ್ಮೆ ಸಾಕು. ಮುಂದಿನ ಉತ್ತರಗಳಲ್ಲಿ ಹೆಚ್ಚಿನವು ಈ ಮಾತಿಗೇ ಬಂದು ಸೇರುತ್ತವೆ.

ಪ್ರಶ್ನೆ: ನನ್ನ ಕಾರಿನ ಛಾವಣಿ ಬಟ್ಟೆಯದೋ ರೆಕ್ಸಿನ್‌ನದೋ ತಿಳಿಯುವುದು ಹೇಗೆ?

ಅಂಗೈಯಿಂದ ಸವರಿ ನೋಡಿ. ನೇಯ್ಗೆಯ ಎಳೆಗಳು ಬೆರಳಿಗೆ ಸಿಕ್ಕಿದರೆ ಅದು ಬಟ್ಟೆ. ನುಣುಪಾಗಿ, ಸೀಟ್ ಕವರಿನಂತೆ ಅಚ್ಚೊತ್ತಿದ ಗೆರೆಗಳಿದ್ದರೆ ಅದು ರೆಕ್ಸಿನ್, ಅಂದರೆ ಪಿವಿಸಿ ಲೇಪನವಿರುವ ಹಾಳೆ. ವಿದೇಶಿ ಕನ್ವರ್ಟಿಬಲ್‌ಗಳ ಬಟ್ಟೆ ಸಾಮಾನ್ಯವಾಗಿ ಮೂರು ಪದರಗಳದ್ದಾಗಿರುತ್ತದೆ: ಹೊರಗೆ ಅಕ್ರಿಲಿಕ್ ನೇಯ್ಗೆ, ನಡುವೆ ನೀರನ್ನು ತಡೆಯುವ ರಬ್ಬರ್, ಒಳಗೆ ಪಾಲಿಯೆಸ್ಟರ್ ಅಥವಾ ಹತ್ತಿಯ ಬಟ್ಟೆ. ಹಳೆಯ ಜೀಪು, ಜಿಪ್ಸಿಗಳಿಗೆ ಪೇಟೆಯಲ್ಲಿ ಹೊಲಿಸಿದ ಹುಡ್‌ಗಳಲ್ಲಿ, ಅಂದರೆ ಛಾವಣಿಗಳಲ್ಲಿ, ರೆಕ್ಸಿನ್ ಹೆಚ್ಚು. ಈ ವ್ಯತ್ಯಾಸ ಮುಖ್ಯ, ಏಕೆಂದರೆ ಬಟ್ಟೆಯು ನೀರು ಕುಡಿದು ನಿಧಾನವಾಗಿ ಒಣಗುತ್ತದೆ. ರೆಕ್ಸಿನ್ ನೀರು ಕುಡಿಯದಿದ್ದರೂ ಚಳಿಗೆ ಬೇಗ ಬಿರುಸಾಗುತ್ತದೆ. ಮೊದಲನೆಯದಕ್ಕೆ ಬೂಷ್ಟಿನ ಭಯ, ಎರಡನೆಯದಕ್ಕೆ ಬಿರುಕಿನ ಭಯ.

ಪ್ರಶ್ನೆ: ಮಳೆ ಬಂದಿಲ್ಲ, ಆದರೂ ಬೆಳಿಗ್ಗೆ ಛಾವಣಿ ಪೂರ್ತಿ ತೊಯ್ದಿರುತ್ತದೆ. ಪಕ್ಕದ ಕಟ್ಟೆ ಒಣಗಿಯೇ ಇರುತ್ತದೆ. ಇದೇಕೆ ಹೀಗೆ?

ಮೋಡವಿಲ್ಲದ ರಾತ್ರಿಯಲ್ಲಿ ತೆರೆದ ಆಕಾಶದ ಕೆಳಗಿರುವ ಪ್ರತಿಯೊಂದು ವಸ್ತುವೂ ತನ್ನ ಶಾಖವನ್ನು ಮೇಲಕ್ಕೆ ಬಿಟ್ಟುಕೊಡುತ್ತದೆ. ಕಲ್ಲಿನ ಕಟ್ಟೆಯು ಹಗಲು ಹಿಡಿದಿಟ್ಟ ಶಾಖವನ್ನು ರಾತ್ರಿಯಿಡೀ ಸ್ವಲ್ಪಸ್ವಲ್ಪವೇ ಬಿಡುತ್ತದೆ. ತೆಳುವಾದ ಛಾವಣಿಯಲ್ಲಿ ಅಂತಹ ಸಂಗ್ರಹವಿಲ್ಲದ ಕಾರಣ ಅದು ಸುತ್ತಲಿನ ಗಾಳಿಗಿಂತಲೂ ಹೆಚ್ಚು ತಣ್ಣಗಾಗುತ್ತದೆ. ಆಗ ಗಾಳಿಯ ತೇವ ಅದರ ಮೇಲೆಯೇ ಹನಿಗಟ್ಟುತ್ತದೆ. ಆದ್ದರಿಂದಲೇ ಶೆಡ್ಡಿನಡಿ ನಿಲ್ಲಿಸಿದ ಕಾರಿನ ಮೇಲೆ ಇಬ್ಬನಿ ಕಾಣುವುದು ಕಡಿಮೆ.

ಬೆಳಿಗ್ಗೆ ಹೊರಡುವ ಮುನ್ನ ಈ ಇಬ್ಬನಿಯನ್ನು ಗಮನಿಸಿ ನೋಡಬೇಕು. ನೀರು ದುಂಡಗಿನ ಮಣಿಗಳಾಗಿ ನಿಂತಿದ್ದರೆ ಬಟ್ಟೆಯ ಲೇಪನ ಇನ್ನೂ ಚೆನ್ನಾಗಿದೆ. ಕೆಲವು ಕಡೆ ಮಣಿಗಳಿದ್ದು, ಮಡಿಕೆಯ ಗೆರೆಗಳಲ್ಲಿ ಮತ್ತು ಹೊಲಿಗೆಯ ಪಕ್ಕದಲ್ಲಿ ಬಟ್ಟೆ ಕಪ್ಪಾಗಿ ನೆನೆದಂತೆ ಕಂಡರೆ, ಅಲ್ಲಿ ಲೇಪನ ಸವೆದಿದೆ ಎಂದರ್ಥ. ನೀರು ಸುರಿದು ಪರೀಕ್ಷಿಸುವುದಕ್ಕಿಂತ ಇದು ನಿಖರವಾದ ಪರೀಕ್ಷೆ. ನೋಡಿದ ಮೇಲೆ ಮೈಕ್ರೋಫೈಬರ್ ಬಟ್ಟೆಯನ್ನು ಛಾವಣಿಯ ಮೇಲೆ ಹಾಸಿ, ಒತ್ತಿ, ನೀರನ್ನು ಹೀರಿಸಿಕೊಳ್ಳಬೇಕು. ಉಜ್ಜಬಾರದು, ರಾತ್ರಿ ಕುಳಿತ ಧೂಳು ಇಬ್ಬನಿಯೊಂದಿಗೆ ಕೆಸರಾಗಿರುತ್ತದೆ, ಉಜ್ಜಿದರೆ ಅದು ನೇಯ್ಗೆಯೊಳಗೆ ಇಳಿಯುತ್ತದೆ. ಮೆಟ್ರೋ ಅಥವಾ ರಸ್ತೆಯ ಕಾಮಗಾರಿ ನಡೆಯುವ ಬಡಾವಣೆಗಳಲ್ಲಿ ಇದನ್ನು ಎಷ್ಟು ಹೇಳಿದರೂ ಕಡಿಮೆಯೇ.

ಪ್ರಶ್ನೆ: ಎಷ್ಟು ಡಿಗ್ರಿಗಿಂತ ಕೆಳಗೆ ಛಾವಣಿಯನ್ನು ತೆರೆಯಬಾರದು?

ಒಂದೊಂದು ಕಂಪನಿ ಒಂದೊಂದು ಮಿತಿಯನ್ನು ಕೊಡುತ್ತದೆ. ಮಾಜ್ದಾ ಎಂಎಕ್ಸ್-5 ಎಂಬ ಕನ್ವರ್ಟಿಬಲ್‌ನ ಕೈಪಿಡಿಯು 5 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಇರುವಾಗ ಛಾವಣಿಯನ್ನು ಮಡಚಬಾರದೆಂದು ಎಚ್ಚರಿಸುತ್ತದೆ. ಬೇರೆ ಕೆಲವು ಕಾರುಗಳು ಸೊನ್ನೆಗಿಂತ ಕೆಳಗೂ ಅನುಮತಿಸುತ್ತವೆ. ಆದರೆ ಈ ಮಿತಿಗಳು ಹೊಸ, ಒಣಗಿದ, ಸುಸ್ಥಿತಿಯ ಛಾವಣಿಗೆ ಅನ್ವಯಿಸುವಂಥವು. ಹಲವು ವರ್ಷ ಬಿಸಿಲು ಕಂಡ ರೆಕ್ಸಿನ್ ಹುಡ್ ಅಥವಾ ಪ್ಲಾಸ್ಟಿಕ್ ಕಿಟಕಿ ಇರುವ ಟಾಪನ್ನು 15 ಡಿಗ್ರಿಗಿಂತ ಕೆಳಗೆ ಮುಟ್ಟದಿರುವುದು ಒಳ್ಳೆಯದೆಂಬುದು ನನ್ನ ಖಚಿತ ಅಭಿಪ್ರಾಯ. ಪುಣೆಯಲ್ಲಿ ಇದಕ್ಕಾಗಿ ದಿನಗಟ್ಟಲೆ ಕಾಯಬೇಕಾಗಿಲ್ಲ. ಬೆಳಿಗ್ಗೆ ಹತ್ತೂವರೆಯ ನಂತರ ಹೆಚ್ಚಿನ ದಿನಗಳಲ್ಲಿ ಆ ಮಿತಿ ದಾಟಿರುತ್ತದೆ.

ಪ್ರಶ್ನೆ: ಅನಿವಾರ್ಯವಾಗಿ ಒದ್ದೆ ಇರುವಾಗಲೇ ಮಡಚಿದೆ. ಈಗೇನು ಮಾಡಲಿ?

ಅದೇ ದಿನ ಛಾವಣಿಯನ್ನು ಪೂರ್ತಿ ಮೇಲೆತ್ತಿ, ಕೊಂಡಿಗಳನ್ನು ಹಾಕಿ, ಗಾಜುಗಳನ್ನು ಸ್ವಲ್ಪ ಇಳಿಸಿ, ಗಾಳಿಯಾಡುವ ಜಾಗದಲ್ಲಿ ಒಣಗಲು ಬಿಡಬೇಕು. ರಾತ್ರಿ ಕಳೆಯಲು ಬಿಟ್ಟರೆ ಮಡಿಕೆಯೊಳಗೆ ಬೂಷ್ಟು ಹಿಡಿಯಲು ಶುರುವಾಗುತ್ತದೆ. ಒಳಗಿನ ಬಟ್ಟೆಯೂ ಒಣಗಿದೆಯೇ ಎಂದು ಕೈಯಿಂದ ಮುಟ್ಟಿ ನೋಡಿದ ಮೇಲೆಯೇ ಮತ್ತೆ ಮಡಚಬಹುದು. ಹೇರ್ ಡ್ರೈಯರ್, ಹೀಟ್ ಗನ್ ಬೇಡ.

ಪ್ರಶ್ನೆ: ನಮ್ಮ ತಂದೆಯವರ ಜಿಪ್ಸಿಯ ಹಿಂದಿನ ಪ್ಲಾಸ್ಟಿಕ್ ಕಿಟಕಿಯನ್ನು ಬೆಳಿಗ್ಗೆ ಸುತ್ತಿ ಕಟ್ಟಲು ಹೋದಾಗ ಚಟಚಟ ಎಂದು ಸೀಳಿತು. ಕಳೆದ ಬೇಸಿಗೆಯಲ್ಲಿ ಅದು ಮೆತ್ತಗೇ ಇತ್ತು. ಹೀಗೇಕಾಯಿತು?

ಸೀಳು ಕಂಡದ್ದು ಚಳಿಗಾಲದಲ್ಲಿ, ಆದರೆ ಅದರ ಬೀಜ ಬಿದ್ದದ್ದು ಬೇಸಿಗೆಯಲ್ಲಿ. ಕಿಟಕಿಯ ಪಾರದರ್ಶಕ ಹಾಳೆಯು ಪಿವಿಸಿ. ಪಿವಿಸಿ ಹುಟ್ಟಾ ಗಡುಸಾದ ವಸ್ತು. ಅದನ್ನು ಮೆದುಗೊಳಿಸಲು ತಯಾರಿಕೆಯ ವೇಳೆ ಎಣ್ಣೆಯಂತಹ ಮೃದುಕಾರಕವನ್ನು ಬೆರೆಸಿರುತ್ತಾರೆ. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ನಿಂತ ಕಾರಿನಲ್ಲಿ ಈ ಮೃದುಕಾರಕ ವರ್ಷದಿಂದ ವರ್ಷಕ್ಕೆ ಆವಿಯಾಗಿ ಹೊರಹೋಗುತ್ತದೆ. ಮುಚ್ಚಿದ ಕಾರಿನ ಒಳಗಾಜಿನ ಮೇಲೆ ಕೂರುವ ಜಿಡ್ಡಿನ ಮಸುಕಿನಲ್ಲಿ ಇದರ ಪಾಲೂ ಇರುತ್ತದೆ. ಬಿಸಿಲಿನ ನೇರಳಾತೀತ ಕಿರಣಗಳು ಹಾಳೆಯನ್ನು ಹಳದಿಯಾಗಿಸುತ್ತವೆ. ಬೇಸಿಗೆಯ ಶಾಖದಲ್ಲಿ ಹಾಳೆ ಹೇಗೋ ಬಗ್ಗುವುದರಿಂದ ಈ ನಷ್ಟ ತಿಳಿಯುವುದಿಲ್ಲ. ಚಳಿ ಬಂದಾಗ ಉಳಿದ ಅಲ್ಪಸ್ವಲ್ಪ ಮೃದುತ್ವವೂ ಅಡಗಿ, ಹಳೆಯ ಮಡಿಕೆಯ ಗೆರೆಯಗುಂಟವೇ ಅದು ಸೀಳುತ್ತದೆ. ಈ ತೊಂದರೆಯಿಂದಾಗಿಯೇ ಮಾಜ್ದಾ ಎಂಎಕ್ಸ್-5ನಂತಹ ಕಾರುಗಳು 1998ರ ಎರಡನೆಯ ಪೀಳಿಗೆಯಿಂದ ಹಿಂಬದಿಗೆ ಗಾಜನ್ನೇ ಅಳವಡಿಸಿಕೊಂಡವು.

ಸೀಳಿದ್ದನ್ನು ಸರಿಪಡಿಸಲಾಗದು, ಆದರೆ ಉಳಿದ ಕಿಟಕಿಗಳನ್ನು ಕಾಪಾಡಿಕೊಳ್ಳಬಹುದು. ಬಿಚ್ಚುವ ಮೊದಲು ಕಾರನ್ನು ಅರ್ಧ ಗಂಟೆ ಬಿಸಿಲಿಗೆ ನಿಲ್ಲಿಸಿ, ಅಥವಾ ಹೀಟರ್ ಹಾಕಿ ಒಳಗನ್ನು ಬೆಚ್ಚಗಾಗಿಸಿ. ಮೂಲೆಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲನೆ ಬಗ್ಗಿಸಿದಾಗ ಸದ್ದಿಲ್ಲದೆ ಬಾಗಿದರೆ ಮಾತ್ರ ಮುಂದುವರಿಯಿರಿ. ಮಡಚುವ ಬದಲು ದೊಡ್ಡ ಸುರುಳಿಯಾಗಿ ಸುತ್ತಿ, ಪದರಗಳ ನಡುವೆ ಹಳೆಯ ಹತ್ತಿ ಬೆಡ್‌ಶೀಟಿನ ತುಂಡನ್ನು ಇಡಿ. ಹಾಳೆಗೆ ಹಾಳೆ ಉಜ್ಜಿ ಗೀರಾಗುವುದು ಅದರಿಂದ ತಪ್ಪುತ್ತದೆ. ಧೂಳಿರುವ ಕಿಟಕಿಯನ್ನು ಎಂದೂ ಒಣಬಟ್ಟೆಯಿಂದ ಒರೆಸಬೇಡಿ. ಮೊದಲು ನೀರು ಹರಿಸಿ ಧೂಳನ್ನು ಇಳಿಸಬೇಕು. ಅಮೋನಿಯಾ ಇರುವ ಗಾಜಿನ ಕ್ಲೀನರ್ ಪ್ಲಾಸ್ಟಿಕ್‌ಗೆ ವಿಷವಿದ್ದಂತೆ. ಪ್ಲಾಸ್ಟಿಕ್‌ಗೆಂದೇ ಮಾಡಿದ, ನೇರಳಾತೀತ ಕಿರಣಗಳನ್ನು ತಡೆಯುವ ದ್ರವವನ್ನು ಬೇಸಿಗೆಗೆ ಮುನ್ನ ಹಚ್ಚಿದರೆ ಮುಂದಿನ ಚಳಿಗಾಲಕ್ಕೆ ಅದರ ಫಲ ಸಿಗುತ್ತದೆ.

ಪ್ರಶ್ನೆ: ಚಳಿಯಲ್ಲಿ ಜಿಪ್ ಎಳೆಯಲು ಬರುವುದಿಲ್ಲ, ಟಿಚ್ ಬಟನ್‌ಗಳು ಕೂರುವುದಿಲ್ಲ. ಏನು ಮಾಡಬೇಕು?

ರಾತ್ರಿ ಕುಗ್ಗಿದ ಛಾವಣಿ ಬಿಸಿಲೇರಿದ ಮೇಲೆ ತಾನಾಗಿಯೇ ಸಡಿಲವಾಗುತ್ತದೆ. ಬಟನ್‌ಗಳೂ ಆಗ ಸುಲಭವಾಗಿ ಕೂರುತ್ತವೆ. ಎಳೆದಾಡಿದರೆ ಬಟನ್ ತನ್ನ ಸುತ್ತಲಿನ ಬಟ್ಟೆಯನ್ನೇ ಕಿತ್ತುಕೊಂಡು ಬರುತ್ತದೆ. ಜಿಪ್ಪಿನ ಹಲ್ಲುಗಳನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಶುಚಿಮಾಡಿ ಮೇಣ ಸವರಿ. ಎಂಜಿನ್ ಎಣ್ಣೆ, ಗ್ರೀಸ್ ಹಾಕಿದರೆ ಧೂಳು ಅಂಟಿಕೊಂಡು ಜಿಪ್ ಇನ್ನೂ ಬೇಗ ಕೆಡುತ್ತದೆ.

ಪ್ರಶ್ನೆ: ಚಳಿಗಾಲದಲ್ಲಿ ಛಾವಣಿಯನ್ನು ತೊಳೆಯಬಹುದೇ? ತೊಳೆಯುವ ಸರಿಯಾದ ಕ್ರಮ ಯಾವುದು?

ಖಂಡಿತ ತೊಳೆಯಬಹುದು, ಮಳೆಗಾಲ ಮುಗಿದ ಮೇಲೆ ಒಮ್ಮೆ ತೊಳೆಯಲೇಬೇಕು. ಪುಣೆಯ ಒಣಹವೆಯ ನವೆಂಬರ್ ಈ ಕೆಲಸಕ್ಕೆ ವರ್ಷದಲ್ಲಿಯೇ ಅತ್ಯುತ್ತಮ ಸಮಯ. ಬೆಳಿಗ್ಗೆ ಹತ್ತು, ಹನ್ನೊಂದಕ್ಕೆ ಶುರುಮಾಡಿದರೆ ಇಬ್ಬನಿ ಬೀಳುವ ಮೊದಲು ಒಣಗಲು ಇಡೀ ಮಧ್ಯಾಹ್ನ ಸಿಗುತ್ತದೆ. ಸಂಜೆ ತೊಳೆಯುವುದು ಬೇಡವೇ ಬೇಡ. ನಿಮ್ಮ ಸೊಸೈಟಿಯಲ್ಲಿ ನಸುಕಿನಲ್ಲಿ ಬಂದು ಕಾರು ಒರೆಸುವವರಿದ್ದರೆ, ಛಾವಣಿಯನ್ನು ಮುಟ್ಟಬಾರದೆಂದು ಅವರಿಗೆ ಮೊದಲೇ ತಿಳಿಸಿ. ಬಕೆಟ್ಟಿನ ಅದೇ ನೀರಿನಲ್ಲಿ ಹತ್ತು ಕಾರು ಒರೆಸಿದ ಬಟ್ಟೆಯೇ ಸಾಫ್ಟ್ ಟಾಪ್‌ನ ಮೇಲೂ ಬೀಳುವುದನ್ನು ಅನೇಕ ಕಡೆ ಕಾಣಬಹುದು.

ಮೊದಲು ಛಾವಣಿ ಒಣಗಿರುವಾಗಲೇ ಮೃದುವಾದ ಬ್ರಷ್ ಅಥವಾ ವ್ಯಾಕ್ಯೂಮ್‌ನಿಂದ ಧೂಳನ್ನು, ಹೊಲಿಗೆಗಳಲ್ಲಿ ಸಿಕ್ಕಿಕೊಂಡ ಎಲೆಯ ಚೂರುಗಳನ್ನು ತೆಗೆಯಬೇಕು. ಅನಂತರ ಉಗುರುಬೆಚ್ಚಗಿನ ನೀರಿನಿಂದ ಇಡೀ ಛಾವಣಿಯನ್ನು ಒಂದೇ ಸಮನೆ ನೆನೆಸಬೇಕು. ಕಲೆಯಿರುವ ಜಾಗವನ್ನಷ್ಟೇ ನೆನೆಸಿ ತಿಕ್ಕಿದರೆ ಒಣಗಿದ ಮೇಲೆ ಅಲ್ಲೊಂದು ವೃತ್ತ ಉಳಿಯುತ್ತದೆ. ಸಾಫ್ಟ್ ಟಾಪ್‌ಗೆಂದೇ ಬರುವ ಶಾಂಪೂ ಸಿಗದಿದ್ದರೆ ಸೌಮ್ಯವಾದ ಕಾರ್ ಶಾಂಪೂ ಸಾಕು. ಬಟ್ಟೆ ಒಗೆಯುವ ಪುಡಿ, ಪಾತ್ರೆ ತೊಳೆಯುವ ಸಾಬೂನು, ಬ್ಲೀಚ್, ಸೀಮೆಎಣ್ಣೆ, ಪೆಟ್ರೋಲ್, ಥಿನ್ನರ್ ಇವು ಯಾವುವನ್ನೂ ಅಪ್ಪಿತಪ್ಪಿಯೂ ಬಳಸಬಾರದು. ಮೊದಲ ಎರಡು ನೀರು ತಡೆಯುವ ಲೇಪನವನ್ನು ಕಿತ್ತುಹಾಕಿದರೆ, ಉಳಿದವು ಹೊಲಿಗೆಯ ದಾರವನ್ನೋ ನಡುವಣ ರಬ್ಬರ್ ಪದರವನ್ನೋ ತಿನ್ನುತ್ತವೆ. ಬ್ರಷ್ಷನ್ನು ನೇಯ್ಗೆಯ ದಿಕ್ಕಿನಲ್ಲಿ, ಮುಂದಿನಿಂದ ಹಿಂದಕ್ಕೆ, ಭಾರ ಹಾಕದೆ ಆಡಿಸಿ. ನೊರೆ ನಿಲ್ಲುವವರೆಗೂ ಮತ್ತೆ ಮತ್ತೆ ನೀರು ಹಾಯಿಸಿ, ಏಕೆಂದರೆ ಬಟ್ಟೆಯಲ್ಲಿ ಉಳಿದ ಸಾಬೂನು ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಕೊನೆಗೆ ಟವೆಲ್ಲು ಒತ್ತಿ ನೀರು ತೆಗೆದು, ಛಾವಣಿಯನ್ನು ಮುಚ್ಚಿದ ಸ್ಥಿತಿಯಲ್ಲೇ ಒಣಗಿಸಿ.

ಪ್ರಶ್ನೆ: ಪ್ರೆಶರ್ ವಾಷರ್ ಅಥವಾ ಬ್ರಷ್‌ಗಳು ತಿರುಗುವ ಯಂತ್ರದಲ್ಲಿ ತೊಳೆಸಬಹುದೇ?

ಯಂತ್ರ ಬೇಡ. ಪ್ರೆಶರ್ ವಾಷರನ್ನು ಚಕ್ರ ಮತ್ತು ತಳಭಾಗಕ್ಕೆ ಮೀಸಲಿಡಿ. ಹೊಲಿಗೆ ಮತ್ತು ಬೀಡಿಂಗ್‌ನ (ಬಾಗಿಲು, ಗಾಜಿನ ಅಂಚಿನ ರಬ್ಬರ್ ಪಟ್ಟಿಯ) ಮೇಲೆ ಅದನ್ನು ಹಿಡಿದರೆ ನೀರು ಒಳಗೆ ನುಗ್ಗುತ್ತದೆ.

ಪ್ರಶ್ನೆ: ನೀರು ತಡೆಯುವ ಸ್ಪ್ರೇ ಹೊಡೆಯುವುದು ಯಾವಾಗ? ಚಳಿಯಲ್ಲಿ ಅದು ಹಿಡಿಯುತ್ತದೆಯೇ?

ಬಟ್ಟೆಯ ಛಾವಣಿಗೆ ಫ್ಲೋರೋಪಾಲಿಮರ್ ಆಧಾರಿತ ಸ್ಪ್ರೇ, ರೆಕ್ಸಿನ್‌ಗೆ ನೇರಳಾತೀತ ಕಿರಣಗಳನ್ನು ತಡೆಯುವ ದ್ರವ. ಒಂದರದ್ದನ್ನು ಇನ್ನೊಂದಕ್ಕೆ ಹಾಕಿದರೆ ಪ್ರಯೋಜನವಿಲ್ಲ. ಬಟ್ಟೆ ಪೂರ್ತಿ ಒಣಗಿರಬೇಕು, 20 ಡಿಗ್ರಿಗಿಂತ ಹೆಚ್ಚು ಬೆಚ್ಚಗಿರಬೇಕು, ಗಾಳಿ ಬೀಸುತ್ತಿರಬಾರದು. ಗಾಜು ಮತ್ತು ಬಣ್ಣದ ಭಾಗಗಳಿಗೆ ಹಾಳೆ ಹಾಸಿ ಟೇಪ್ ಹಚ್ಚಿ, ತೆಳುವಾಗಿ ಎರಡು ಸಲ ಹೊಡೆಯುವುದು ಒಮ್ಮೆ ದಪ್ಪವಾಗಿ ಹೊಡೆಯುವುದಕ್ಕಿಂತ ಮೇಲು. ಅದು ಹದವಾಗಿ ಹಿಡಿಯಲು ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು, ಸಾಮಾನ್ಯವಾಗಿ ಒಂದು ಇಡೀ ದಿನ, ನೀರು ಸೋಕಬಾರದು. ಆ ಒಂದು ರಾತ್ರಿ ಇಬ್ಬನಿ ಬೀಳದ ಕಡೆ ಕಾರನ್ನು ನಿಲ್ಲಿಸಲೇಬೇಕು. ಹೆಚ್ಚಿನವರು ಈ ಸ್ಪ್ರೇಯನ್ನು ಮಳೆಗಾಲದ ಹೊಸ್ತಿಲಲ್ಲಿ ನೆನಪಿಸಿಕೊಳ್ಳುತ್ತಾರೆ. ನವೆಂಬರಿನಲ್ಲಿ ಒಮ್ಮೆ, ಮೇ ತಿಂಗಳಲ್ಲಿ ಇನ್ನೊಮ್ಮೆ ಎಂದು ಇಟ್ಟುಕೊಂಡರೆ ಇಬ್ಬನಿಗೂ ಮಳೆಗೂ ಸಿದ್ಧವಾದಂತಾಗುತ್ತದೆ.

ಪ್ರಶ್ನೆ: ಮಳೆಗಾಲದ ಬೂಷ್ಟು ಒಳಗಡೆ ಉಳಿದುಬಿಟ್ಟಿದೆ, ವಾಸನೆಯೂ ಇದೆ. ಹೋಗಲಾಡಿಸುವುದು ಹೇಗೆ?

ಒಣಗಿದ ಬೂಷ್ಟನ್ನು ಕಾರಿನ ಹೊರಗೆ, ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಮೆತ್ತಗಿನ ಬ್ರಷ್‌ನಿಂದ ಉದುರಿಸಿ. ಬಳಿಕ ಸೌಮ್ಯ ಶಾಂಪೂವಿನಿಂದ ತೊಳೆದು ಎರಡು ಮಧ್ಯಾಹ್ನ ಬಿಸಿಲಿಗೆ ಬಿಡಿ. ಒಳಗಿನ ಬಟ್ಟೆಗೆ ಬಿಳಿ ವಿನೆಗರ್ ಒಂದು ಪಾಲಿಗೆ ನೀರು ಒಂದು ಪಾಲು ಬೆರೆಸಿ, ಕಾಣದ ಮೂಲೆಯಲ್ಲಿ ಮೊದಲು ಪರೀಕ್ಷಿಸಿ, ಅದರಲ್ಲಿ ಬೇರೆ ಬಟ್ಟೆ ಅದ್ದಿ ಒರೆಸಬಹುದು. ವಾಸನೆ ಹೋಗದಿದ್ದರೆ ಅದರ ಮೂಲ ಛಾವಣಿಯಲ್ಲಿಲ್ಲ. ನೆಲದ ಕಾರ್ಪೆಟ್ಟಿನಡಿಯ ಸ್ಪಂಜಿನಲ್ಲಿ ನೀರು ನಿಂತಿದೆ. ಆಗ ಮುಂದಿನ ಉತ್ತರವನ್ನು ಓದಿರಿ.

ಪ್ರಶ್ನೆ: ಛಾವಣಿ ಎಲ್ಲೂ ಸೋರುತ್ತಿಲ್ಲ, ಆದರೂ ಸೀಟಿನ ಹಿಂದೆ ನೀರು. ಎಲ್ಲಿಂದ ಬರುತ್ತದೆ?

ಕನ್ವರ್ಟಿಬಲ್‌ಗಳಲ್ಲಿ ಛಾವಣಿಯ ಹಿಂಭಾಗಕ್ಕೆ ಇಳಿದ ನೀರು ಒಂದು ಕಾಲುವೆಗೆ ಬಂದು, ಎರಡೂ ಬದಿಯ ಸಣ್ಣ ಕೊಳವೆಗಳ ಮೂಲಕ ಹಿಂದಿನ ಚಕ್ರಗಳ ಬಳಿ ಹೊರಬೀಳುವ ಏರ್ಪಾಡು ಇರುತ್ತದೆ. ಚಳಿಗಾಲದಲ್ಲಿ ಮರಗಳು ಎಲೆಯುದುರಿಸುತ್ತವೆ. ಪುಣೆಯ ಹಳೆಯ ಬಡಾವಣೆಗಳ ಗುಲ್‌ಮೊಹರ್ ಮತ್ತು ಮಳೆಮರಗಳ ಪುಟ್ಟ ಎಲೆಗಳು ಜಾಲರಿಯಲ್ಲೂ ತೂರಿಹೋಗುವಷ್ಟು ಚಿಕ್ಕವು. ಅವು ಧೂಳಿನೊಂದಿಗೆ ಸೇರಿ ಕೊಳವೆಯ ಬಾಯಲ್ಲಿ ಕರಿಯ ಉಂಡೆಯಾಗಿ ಕೂರುತ್ತವೆ. ಆಗ ನೀರು ಕಾಲುವೆಯ ಅಂಚು ದಾಟಿ ಒಳಕ್ಕೆ ಹರಿಯುತ್ತದೆ. ಹಳೆಯ ಬಿಎಂಡಬ್ಲ್ಯೂ ಝಡ್4, ಅಂದರೆ ಇ85 ಮಾದರಿಯಲ್ಲಿ, ಛಾವಣಿಯನ್ನು ಎತ್ತುವ ಹೈಡ್ರಾಲಿಕ್ ಮೋಟಾರು ಈ ಕೊಳವೆಯ ಹಾದಿಯಲ್ಲೇ ಇರುವುದರಿಂದ, ಕೊಳವೆ ಕಟ್ಟಿಕೊಂಡರೆ ಮೋಟಾರೇ ಮುಳುಗಿ ಸುಡುತ್ತದೆ.

ಶುಚಿಗೊಳಿಸಲು ಮೊದಲು ಬೆರಳಿಗೆ ಸಿಗುವ ಕಸ ತೆಗೆಯಿರಿ. ಅನಂತರ ಹುಲ್ಲು ಕತ್ತರಿಸುವ ಯಂತ್ರದ ನೈಲಾನ್ ದಾರವನ್ನು ಮೆಲ್ಲನೆ ತೂರಿಸಿ, ಅರ್ಧ ಲೋಟ ನೀರನ್ನು ನಿಧಾನವಾಗಿ ಹಾಕಿ, ಚಕ್ರದ ಹಿಂದೆ ನೆಲಕ್ಕೆ ತೊಟ್ಟಿಕ್ಕುತ್ತದೆಯೇ ನೋಡಿ. ಕಬ್ಬಿಣದ ತಂತಿ ಕೊಳವೆಯನ್ನು ತೂತುಮಾಡುತ್ತದೆ. ಪಂಕ್ಚರ್ ಅಂಗಡಿಯ ಗಾಳಿ ಅದನ್ನು ಜೋಡಣೆಯಿಂದಲೇ ಕಳಚುತ್ತದೆ, ಕಳಚಿದ ಮೇಲೆ ಒಳಗಿನ ಟ್ರಿಮ್, ಅಂದರೆ ಒಳಹೊದಿಕೆಯ ಭಾಗಗಳನ್ನೆಲ್ಲ ಬಿಚ್ಚದೆ ಕೈಗೆ ಸಿಗುವುದಿಲ್ಲ. ಚಳಿಗಾಲದಲ್ಲಿ ತಿಂಗಳಿಗೊಮ್ಮೆ ಈ ಕೆಲಸ ಮಾಡಿ. ಈ ಪುಟದಲ್ಲಿ ಒಂದೇ ಒಂದು ಸಲಹೆಯನ್ನು ಪಾಲಿಸಲು ಮನಸ್ಸಿದ್ದರೆ ಇದನ್ನೇ ಪಾಲಿಸಿ ಎಂದು ಕೇಳಿಕೊಳ್ಳುತ್ತೇನೆ.

ಪ್ರಶ್ನೆ: ಬಾಗಿಲಿನ ಬೀಡಿಂಗ್ ಗಟ್ಟಿಯಾಗಿ ಗಾಳಿಯ ಸದ್ದು ಬರುತ್ತಿದೆ. ವ್ಯಾಸಲೀನ್ ಹಚ್ಚಬಹುದೇ?

ಬೇಡ. ವ್ಯಾಸಲೀನ್, ಸಾಮಾನ್ಯ ಗ್ರೀಸ್, ಎಂಜಿನ್ ಎಣ್ಣೆ ಎಲ್ಲವೂ ಪೆಟ್ರೋಲಿಯಂ ಮೂಲದವು. ಅವು ರಬ್ಬರನ್ನು ಉಬ್ಬಿಸಿ ಸಡಿಲಗೊಳಿಸುತ್ತವೆ. ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿ, ಗ್ಲಿಸರಿನ್ ಅಥವಾ ರಬ್ಬರ್‌ಗೆಂದೇ ಬರುವ ಸಿಲಿಕೋನ್ ಗ್ರೀಸನ್ನು ತೆಳುವಾಗಿ ಸವರಿದರೆ ಬೀಡಿಂಗ್ ಮತ್ತೆ ಮೆದುವಾಗುತ್ತದೆ. ಸಿಲಿಕೋನ್ ಬಟ್ಟೆಗೆ ತಾಗದಂತೆ ನೋಡಿಕೊಳ್ಳಬೇಕು.

ಪ್ರಶ್ನೆ: ರಾತ್ರಿ ಕವರ್ ಹಾಕುವುದು ಒಳ್ಳೆಯದೇ?

ಒಣಗಿದ ಕಾರಿಗೆ, ಗಾಳಿಯಾಡುವ ಬಟ್ಟೆಯ ಕವರ್ ಆದರೆ ಒಳ್ಳೆಯದು. ನೀಲಿ ಟಾರ್ಪಾಲು ಅಥವಾ ಪ್ಲಾಸ್ಟಿಕ್ ಕವರ್ ಹಾಕಿದರೆ ಒಳಗಿನ ತೇವ ಹೊರಹೋಗದೆ ಅಲ್ಲೇ ಕೂರುತ್ತದೆ. ಬಿಸಿಲೇರಿದಾಗ ಒಳಗೆ ಹಬೆಯಾಡಿ ಬೂಷ್ಟಿಗೆ ಹೇಳಿ ಮಾಡಿಸಿದ ಜಾಗವಾಗುತ್ತದೆ. ಬೆಳಿಗ್ಗೆ ತೊಯ್ದ ಕವರನ್ನು ತೆಗೆದು ಬೇರೆ ಕಡೆ ಹರಡಿ ಒಣಗಿಸಬೇಕು. ಅದನ್ನೇ ಮಡಚಿ ಡಿಕ್ಕಿಯಲ್ಲಿಟ್ಟರೆ ತೇವವನ್ನು ಕಾರಿನೊಳಗೆ ತುಂಬಿದಂತೆಯೇ.

ಪ್ರಶ್ನೆ: ಪಾರಿವಾಳ, ಬೆಕ್ಕು, ನಾಯಿ, ದೀಪಾವಳಿಯ ಪಟಾಕಿ, ಬೇಸ್‌ಮೆಂಟಿನ ಸುಣ್ಣದ ನೀರು: ಸೊಸೈಟಿಯ ಪಾರ್ಕಿಂಗ್‌ನಲ್ಲಿ ಇವುಗಳಿಂದ ಪಾರಾಗುವುದು ಹೇಗೆ?

ಪಾರಿವಾಳದ ಹಿಕ್ಕೆಯಲ್ಲಿ ಯೂರಿಕ್ ಆಮ್ಲವಿದ್ದು ಅದು ಬಟ್ಟೆಯ ಬಣ್ಣವನ್ನು ತಿನ್ನುತ್ತದೆ. ಒಣಗಿದ್ದರೆ ಕೆರೆಯದೆ, ಒದ್ದೆ ಬಟ್ಟೆಯನ್ನು ಕಾಲು ಗಂಟೆ ಅದರ ಮೇಲಿಟ್ಟು, ಮೆತ್ತಗಾದ ಮೇಲೆ ಎತ್ತಿ ತೆಗೆಯಿರಿ. ಚಳಿಯ ರಾತ್ರಿಗಳಲ್ಲಿ ಬೆಕ್ಕುಗಳು, ಕೆಲವೊಮ್ಮೆ ಬೀದಿನಾಯಿಗಳು ಮೆತ್ತನೆಯ ಛಾವಣಿಯ ಮೇಲೆ ಮಲಗಲು ಬರುತ್ತವೆ; ಆಗಷ್ಟೇ ಓಡಿಸಿ ತಂದ ಬಿಸಿ ಬಾನೆಟ್ ಅವಕ್ಕೆ ಮೆಟ್ಟಿಲಾಗುತ್ತದೆ. ದಪ್ಪ ಕವರ್ ಹೊದೆಸಿದರೆ ಉಗುರಿನ ಗೀರು ಬಟ್ಟೆಗೆ ತಾಗುವುದಿಲ್ಲ. ದೀಪಾವಳಿಯ ದಿನಗಳಲ್ಲಿ ಮಾತ್ರ ತೆರೆದ ಜಾಗ ಬೇಡ. ರಾಕೆಟ್ಟಿನ ಒಂದೇ ಕಿಡಿ ಅಕ್ರಿಲಿಕ್‌ನಲ್ಲಿ ಕರಗಿದ ಅಂಚಿನ ತೂತು ಮಾಡುತ್ತದೆ, ಕವರ್ ಇದ್ದರೂ ಅದು ಸುಟ್ಟು ಅಂಟಿಕೊಳ್ಳುವ ಭಯವಿದೆ.

ಬೇಸ್‌ಮೆಂಟಿನ ಕಾಂಕ್ರೀಟ್ ಬಿರುಕಿನಿಂದ ತೊಟ್ಟಿಕ್ಕುವ ನೀರು ಸುಣ್ಣವನ್ನು ಹೊತ್ತುತರುವ ಕ್ಷಾರ. ಅದು ಕಾರಿನ ಬಣ್ಣವನ್ನು ಬೇಗ ಕೆಡಿಸುತ್ತದೆ, ಬಟ್ಟೆಯ ಮೇಲೆ ಬಿಳಿಯ ಗಟ್ಟಿ ಪೊರೆಯಾಗುತ್ತದೆ. ತೆಳು ವಿನೆಗರ್ ನೀರಿನಲ್ಲಿ ಅದ್ದಿದ ಬಟ್ಟೆಯನ್ನು ಆ ಜಾಗಕ್ಕಷ್ಟೇ ಒತ್ತಿ, ಪೊರೆ ಕರಗಿದ ಮೇಲೆ ಇಡೀ ಛಾವಣಿಗೆ ನೀರು ಹಾಯಿಸಿ. ಜಾಗ ಬದಲಿಸಿಕೊಡುವಂತೆ ಸೊಸೈಟಿಯ ಕಾರ್ಯದರ್ಶಿಯವರಿಗೆ ಲಿಖಿತವಾಗಿ ಕೇಳುವುದೇ ಶಾಶ್ವತ ಪರಿಹಾರ.

ಪ್ರಶ್ನೆ: ಗುಂಡಿ ಒತ್ತಿದರೆ ಛಾವಣಿ ಚಳಿಯಲ್ಲಿ ನಿಧಾನವಾಗಿ ಏಳುತ್ತದೆ, ಒಮ್ಮೆ ಅರ್ಧಕ್ಕೇ ನಿಂತಿತು. ಕೆಟ್ಟಿದೆಯೇ?

ಹೆಚ್ಚಿನ ಸಲ ಕೆಟ್ಟಿರುವುದಿಲ್ಲ. ಚಳಿಗೆ ಹೈಡ್ರಾಲಿಕ್ ಎಣ್ಣೆ ಮಂದವಾಗುತ್ತದೆ, ಬ್ಯಾಟರಿಯ ಶಕ್ತಿ ಕುಗ್ಗುತ್ತದೆ. 2018ರ ನಂತರ ಬಂದ ಬಿಎಂಡಬ್ಲ್ಯೂ ಝಡ್4ನ ಛಾವಣಿ 10 ಸೆಕೆಂಡಿನಲ್ಲಿ, ಗಂಟೆಗೆ 50 ಕಿಲೋಮೀಟರ್ ವೇಗದವರೆಗೂ ತೆರೆಯುತ್ತದೆಂಬುದು ನಿಜ. ಆದರೆ ತಣ್ಣನೆಯ ಬೆಳಿಗ್ಗೆ ಕಾರನ್ನು ನಿಲ್ಲಿಸಿ, ಎಂಜಿನ್ ಚಾಲೂ ಇಟ್ಟು, ಒಮ್ಮೆಗೇ ಪೂರ್ತಿ ತೆರೆಯುವುದು ಒಳಿತು. ಅರ್ಧಕ್ಕೆ ನಿಂತರೆ ಕೈಯಿಂದ ಜಗ್ಗಬೇಡಿ. ಕೈಪಿಡಿಯಲ್ಲಿ ತುರ್ತಾಗಿ ಮುಚ್ಚುವ ಕ್ರಮವಿರುತ್ತದೆ; ಆ ಪುಟದ ಫೋಟೋ ತೆಗೆದು ಮೊಬೈಲಿನಲ್ಲಿಟ್ಟುಕೊಳ್ಳಿ. ಕಾರು ಬಳಸದೆ ವಾರಗಟ್ಟಲೆ ನಿಲ್ಲಿಸುವುದಾದರೆ ಛಾವಣಿಯನ್ನು ಮುಚ್ಚಿ ಬಿಗಿಯಾಗಿಯೇ ಇಡಬೇಕು, ಮಡಚಿಟ್ಟರೆ ಬಟ್ಟೆ ಕುಗ್ಗಿ ಮತ್ತೆ ಮುಂದಿನ ಕೊಂಡಿಗೆ ತಲುಪುವುದಿಲ್ಲ.

ಪ್ರಶ್ನೆ: ಕ್ರಿಸ್‌ಮಸ್ ರಜೆಯಲ್ಲಿ ಮಹಾಬಳೇಶ್ವರಕ್ಕೆ, ಅಲ್ಲಿಂದ ಬೆಳಗಾವಿ, ಧಾರವಾಡದ ಕಡೆಗೆ ಹೋಗುವವರಿದ್ದೇವೆ. ಏನೇನು ಗಮನಿಸಬೇಕು?

ಮಹಾಬಳೇಶ್ವರ ಸಮುದ್ರಮಟ್ಟದಿಂದ ಸುಮಾರು 1,350 ಮೀಟರ್ ಎತ್ತರದಲ್ಲಿದೆ. ಅಲ್ಲಿನ ವೆಣ್ಣಾ ಸರೋವರದ ಪಕ್ಕದಲ್ಲಿ, ಸ್ಟ್ರಾಬೆರಿ ತೋಟಗಳ ಮೇಲೆ, ಕೆಲವು ಚಳಿಗಾಲಗಳಲ್ಲಿ ಇಬ್ಬನಿ ಹೆಪ್ಪುಗಟ್ಟಿ ಬಿಳಿಯಾಗಿ ಕಾಣುತ್ತದೆ. ಆ ತಗ್ಗಿನಲ್ಲಿ ರಾತ್ರಿ ನಿಲ್ಲಿಸಿದ ಕಾರಿನ ಛಾವಣಿಯ ಮೇಲೂ ಅದೇ ಆಗುತ್ತದೆ. ಸಾಧ್ಯವಾದರೆ ಹೋಟೆಲಿನ ಮಾಡಿನಡಿ ನಿಲ್ಲಿಸಿ. ಬೆಳಿಗ್ಗೆ ಹೆಪ್ಪುಗಟ್ಟಿದ್ದನ್ನು ಕೆರೆಯಬೇಡಿ, ಬಿಸಿನೀರು ಸುರಿಯಬೇಡಿ. ಚೌಕಟ್ಟಿಲ್ಲದ ಗಾಜಿನ ಕಾರುಗಳಲ್ಲಿ ಬಾಗಿಲು ತೆರೆಯುವಾಗ ಗಾಜು ತುಸು ಕೆಳಗಿಳಿಯುತ್ತದೆ. ಅದು ಬೀಡಿಂಗಿಗೆ ಅಂಟಿದ್ದರೆ ಬಲವಂತ ಮಾಡದೆ ಬಿಸಿಲಿಗಾಗಿ ಕಾಯಬೇಕು. ಬೆಳಗಾವಿಯ ಕಡೆ ಹೆದ್ದಾರಿ 48ರಲ್ಲಿ ನಸುಕಿನ ಮಂಜಿರುತ್ತದೆ. ಒಳಗಾಜು ಮಸುಕಾದರೆ ಹೀಟರಿನ ಜೊತೆಗೆ ಏಸಿಯನ್ನೂ ಹಾಕಿ, ಹೊರಗಿನ ಗಾಳಿ ಬರುವಂತೆ ಇಟ್ಟುಕೊಳ್ಳಿ. ಏಸಿ ಗಾಳಿಯ ತೇವವನ್ನು ತೆಗೆಯುತ್ತದೆ, ಅದು ಛಾವಣಿಯ ಒಳಬಟ್ಟೆಗೂ ಹಿತ.

ಪ್ರಶ್ನೆ: ಥಾರ್ ತೆಗೆದುಕೊಂಡು ಮನಾಲಿಗೆ ಹೋಗುತ್ತಿದ್ದೇವೆ. ಸಾಫ್ಟ್ ಟಾಪ್ ಹಿಮವನ್ನು ತಾಳುತ್ತದೆಯೇ?

2020ರ ಅಕ್ಟೋಬರ್‌ನಲ್ಲಿ ಬಂದ ಎರಡನೆಯ ಪೀಳಿಗೆಯ ಥಾರ್, ಅದೇ ತಿಂಗಳು ಮನಾಲಿಯ ಬಳಿ ತೆರೆದ ಅಟಲ್ ಸುರಂಗ, ಇವೆರಡೂ ಸೇರಿ ಪುಣೆಯಿಂದ ಚಳಿಗಾಲದಲ್ಲಿ ಸುರಂಗದಾಚೆಯ ಲಾಹೌಲ್ ಕಣಿವೆಯವರೆಗೆ ಹೋಗುವ ಆಸೆಯನ್ನು ಹೆಚ್ಚಿಸಿವೆ. ಹಿಮ ಬೀಳುವ ಕಡೆ ಟಾಪ್ ಮುಚ್ಚಿಯೇ ಇರಲಿ, ಕಿಟಕಿಗಳನ್ನು ಬಿಚ್ಚುವ ಯೋಚನೆಯೇ ಬೇಡ. ರಾತ್ರಿ ಬಿದ್ದ ಹಿಮವನ್ನು ಬೆಳಿಗ್ಗೆಯೇ ಮೆತ್ತಗಿನ ಬ್ರಷ್‌ನಿಂದ ತಳ್ಳಿ, ಏಕೆಂದರೆ ಭಾರಕ್ಕೆ ಬಟ್ಟೆ ಕಂಬಿಗಳ ನಡುವೆ ಜೋಲುತ್ತದೆ. ಬಟ್ಟೆಗೆ ಅಂಟಿಕೊಂಡ ಮಂಜುಗಡ್ಡೆಯನ್ನು ಹಾಗೆಯೇ ಬಿಟ್ಟು, ಒಳಗಿನಿಂದ ಹೀಟರ್ ಹಾಕಿ ಸಡಿಲವಾಗಲು ಬಿಡಿ.

ಪ್ರಶ್ನೆ: ಮುಂಬಯಿ ಮತ್ತು ಗೋವೆಯಲ್ಲಿರುವವರು ಇದನ್ನೆಲ್ಲ ಪಾಲಿಸಬೇಕೇ?

ಮುಂಬಯಿಯಲ್ಲಿ ಚಳಿಯಿಂದ ಬಟ್ಟೆ ಬಿರುಸಾಗುವ ಭಯವಿಲ್ಲ. 1962ರ ಜನವರಿಯಲ್ಲಿ ಸಾಂತಾಕ್ರೂಜ್‌ನಲ್ಲಿ ದಾಖಲಾದ 7.4 ಡಿಗ್ರಿ ತೀರ ಅಪರೂಪದ್ದು. ಅಲ್ಲಿನ ಚಳಿಗಾಲದ ತೊಂದರೆ ನೆಲದ ಹತ್ತಿರ ನಿಲ್ಲುವ ಹೊಗೆಧೂಳು. ಅದು ಇಬ್ಬನಿಯಲ್ಲಿ ಕರಗಿ ತಿಳಿಬಣ್ಣದ ಛಾವಣಿಯ ಮೇಲೆ ಬೂದು ಗೆರೆಗಳನ್ನು ಬಿಡುತ್ತದೆ. ಒಣ ಬ್ರಷ್ಷಿನ ಕೆಲಸವನ್ನು ವಾರಕ್ಕೊಮ್ಮೆಯಾದರೂ ಮಾಡಬೇಕು.

ಗೋವೆಯಲ್ಲಿ ಡಿಸೆಂಬರ್ ಎಂದರೆ ತೆರೆದ ಕಾರಿನ ಸುಗ್ಗಿ. ಅಲ್ಲಿನ ಇಬ್ಬನಿಯಲ್ಲಿ ಉಪ್ಪು ಇರುತ್ತದೆ, ಅದು ಒಣಗಿದ ಮೇಲೂ ಗಾಳಿಯ ತೇವವನ್ನು ಎಳೆದುಕೊಳ್ಳುತ್ತಲೇ ಇರುತ್ತದೆ. ಬೆಂಗಳೂರಿನ ಸ್ಯಾನ್ ಸಂಸ್ಥೆಯ ಸ್ಯಾನ್ ಸ್ಟಾರ್ಮ್ ಎಂಬ ಎರಡು ಆಸನದ ತೆರೆದ ಕಾರು ಗೋವೆಯಲ್ಲೇ ತಯಾರಾಗುತ್ತಿತ್ತೆಂಬುದು ಅನೇಕ ಕನ್ನಡಿಗರಿಗೆ ತಿಳಿದಿರಲಾರದು. ಅದರ ಹೊರಮೈ ಫೈಬರ್ ಆದ್ದರಿಂದ ತುಕ್ಕಿನ ಚಿಂತೆ ಇರಲಿಲ್ಲ. ಆದರೆ ಯಾವ ಸಾಫ್ಟ್ ಟಾಪ್ ಆದರೂ ಅದರ ಕಬ್ಬಿಣದ ಕಂಬಿ, ರಿವೆಟ್ಟು, ಜಿಪ್ಪುಗಳಿಗೆ ಉಪ್ಪು ತಪ್ಪಿದ್ದಲ್ಲ. ಕಡಲತೀರದಿಂದ ಬಂದ ದಿನವೇ ಸಿಹಿನೀರಿನಿಂದ ಛಾವಣಿಯನ್ನು, ಕೀಲುಗಳನ್ನು ತೊಳೆದು ಒಣಗಿಸಿ.

ಪ್ರಶ್ನೆ: ಹೊಲಿಗೆ ಬಿಟ್ಟಿದೆ, ಸಣ್ಣ ತೂತೂ ಆಗಿದೆ. ಪುಣೆಯಲ್ಲಿ ಯಾರ ಬಳಿ ಹೋಗಬೇಕು? ಹೊಸ ಟಾಪ್ ಯಾವಾಗ ಹಾಕಿಸಬೇಕು?

ಜೀಪಿನ ಹುಡ್ ಹೊಲಿಯುವ, ಸೀಟು ಕಟ್ಟುವ ಕುಶನ್ ಕೆಲಸದವರು ನಾನಾ ಪೇಠ್‌ನ ಬಿಡಿಭಾಗಗಳ ಪೇಟೆಯ ಆಸುಪಾಸಿನಲ್ಲಿ ಸಿಗುತ್ತಾರೆ. ಮುಂಬಯಿಯವರು ಕುರ್ಲಾದ ಸಿಎಸ್‌ಟಿ ರಸ್ತೆಯಲ್ಲಿ ವಿಚಾರಿಸಬಹುದು. ಥಾರ್, ಜಿಪ್ಸಿಗಳ ಕೆಲಸವನ್ನು ಅವರು ಅಚ್ಚುಕಟ್ಟಾಗಿ ಮಾಡುತ್ತಾರೆ. ಹೊಲಿಗೆಗೆ ಹತ್ತಿಯ ದಾರವಲ್ಲದೆ ಪಾಲಿಯೆಸ್ಟರ್ ದಾರವನ್ನೇ ಹಾಕಲು, ಹಳೆಯ ರಂಧ್ರಗಳಲ್ಲೇ ಸೂಜಿ ಹೋಗುವಂತೆ ಹೊಲಿಯಲು ಹೇಳಿ. ಹೊಸ ರಂಧ್ರವೆಂದರೆ ಹೊಸ ಸೋರಿಕೆ. ಮೂರು ಪದರದ ಬಟ್ಟೆಯ ವಿದ್ಯುತ್ ಛಾವಣಿಯನ್ನು ಅದರ ಅನುಭವವಿದ್ದವರಿಗೇ ಕೊಡಬೇಕು, ಅಳತೆ ಬೆರಳಿನಷ್ಟು ತಪ್ಪಿದರೂ ಕೊಂಡಿ ಕೂರುವುದಿಲ್ಲ. ತೂತಿಗೆ ಫೆವಿಕ್ವಿಕ್‌ನಂತಹ ಅಂಟು ಹಾಕಿದರೆ ಅದು ಗಾಜಿನಂತೆ ಗಟ್ಟಿಯಾಗಿ ಪಕ್ಕದ ಬಟ್ಟೆಯನ್ನೂ ಹರಿಯುತ್ತದೆ. ದುರಸ್ತಿಯಾಗುವವರೆಗೆ ಒಳಗಡೆಯಿಂದ ಬಟ್ಟೆಯ ಟೇಪ್ ಹಚ್ಚಿ.

ನಡುವಣ ರಬ್ಬರ್ ಪದರ ಪುಡಿಯಾಗಿ ಒಳಗೆ ಕಪ್ಪು ಚೂರುಗಳು ಉದುರತೊಡಗಿದರೆ, ಅಥವಾ ಎಷ್ಟು ಸ್ಪ್ರೇ ಹೊಡೆದರೂ ಮಡಿಕೆಗಳಲ್ಲಿ ನೀರು ಇಳಿಯುತ್ತಿದ್ದರೆ, ಹೊಸ ಟಾಪ್ ಹಾಕಿಸುವ ಕಾಲ ಬಂದಿದೆ. ಅದನ್ನು ಬೆಳಗಿನ ಚಳಿಯಲ್ಲಿ ಹಾಕಿಸಬೇಡಿ. ಬಟ್ಟೆ ಬೆಚ್ಚಗಿದ್ದು ಸಡಿಲವಾಗಿರುವಾಗ ಎಳೆದು ಕೂರಿಸಿದರೆ ಸುಕ್ಕು ಉಳಿಯುವುದಿಲ್ಲ, ಆದ್ದರಿಂದ ಅಂಗಡಿಯವರಿಗೆ ಮಧ್ಯಾಹ್ನದ ಸಮಯವನ್ನೇ ಕೇಳಿ. ಹಾಕಿಸಿದ ಮೇಲೆ ಮೊದಲ ಕೆಲವು ದಿನ ಮಡಚದೆ, ಕೊಂಡಿ ಹಾಕಿ, ಬಿಗಿಯಾಗಿಯೇ ಇಟ್ಟು ಬಿಸಿಲು ಕಾಣಿಸಿದರೆ ಅದು ಚೌಕಟ್ಟಿಗೆ ಸರಿಯಾಗಿ ಹೊಂದಿಕೊಳ್ಳುತ್ತದೆ.